ಮುಳ್ಳು ತಿದ್ದಿದ ಕೈ

ನಾನು ಹುಟ್ಟು ಪುಕ್ಕಲ. ಹಾಗೆ ಹೇಳಿಕೊಳ್ಳಲು ಈ ವಯಸ್ಸಿನಲ್ಲಿ ನಾಚಿಕೆಯೇನೂ ಇಲ್ಲ. ಚಿನ್ನದ ಗಣಿಯ ಊರಿನವನು, ಊರಿಗಾಂನ ಕಾರ್ಮಿಕರ ಲೈನುಮನೆಯಲ್ಲಿ ಬೆಳೆದವನು ಎಂದ ಕೂಡಲೇ ಹೊರಗಿನವರು ನನ್ನ ಎದೆ ಕಲ್ಲಿನಂತಿರಬೇಕು ಎಂದುಕೊಳ್ಳುತ್ತಾರೆ. ನಮ್ಮ ಮನೆಯ ಕೆಳಗೆ ಮೈಲಿ ಆಳದವರೆಗೆ ಕೊರೆದು ಟೊಳ್ಳು ಮಾಡಿದ ಬಂಡೆ ಇತ್ತು. ಆಗೀಗ ಅದು ಒಳಗೊಳಗೇ ಸಿಡಿಯುತ್ತಿತ್ತು. ಗೂಡಿನಲ್ಲಿದ್ದ ಪಾತ್ರೆಗಳು ಒಂದಕ್ಕೊಂದು ತಾಕಿ ಗಲಗಲ ಎನ್ನುತ್ತಿದ್ದವು, ಗೋಡೆಯ ಸುಣ್ಣ ಉಣ್ಣುವ ತಟ್ಟೆಗೆ ಉದುರುತ್ತಿತ್ತು, ಮುದ್ದೆ ತಿರುವುತ್ತಿದ್ದ ಅವ್ವ ಕೋಲನ್ನು ಹಾಗೇ ಹಿಡಿದು ನಿಂತುಬಿಡುತ್ತಿದ್ದಳು. ಓಣಿಯ ಹೆಂಗಸರೆಲ್ಲ ಗಣಿಗೆ ಇಳಿಯುವ ಬಾವಿಯಾದ ಶಾಫ್ಟಿನ ಕಡೆ ಓಡಿದರೆ ನಾನು ಮಂಚದ ಕೆಳಗೆ ಓಡುತ್ತಿದ್ದೆ. ಎಷ್ಟು ಕರೆದರೂ ಬರುತ್ತಿರಲಿಲ್ಲ.

ಅಪ್ಪ ಗಣಿಯೊಳಗೆ ಇಳಿಯುವವನಲ್ಲ, ಇಳಿಸುವವನು. ಶಾಫ್ಟಿನ ಪಕ್ಕದ ಇಂಜಿನ್ ಮನೆಯಲ್ಲಿ ಕೂತು ಬೋನನ್ನು ಏರಿಸಿ ಇಳಿಸುವುದು ಅವನ ಕೆಲಸ. ಬೋನೆಂದರೆ ಆಳುಗಳನ್ನು ನಿಲ್ಲಿಸಿಕೊಂಡು ಕೆಳಗೆ ಹೋಗುವ ಕಬ್ಬಿಣದ ಪಂಜರ. ಅದರ ಉಕ್ಕಿನ ಹಗ್ಗ ದೊಡ್ಡದೊಂದು ಉರುಳೆಗೆ ಸುತ್ತಿಕೊಂಡಿರುತ್ತಿತ್ತು. ಬೋನು ಅಪ್ಪನಿಗೆ ಕಾಣುತ್ತಿರಲಿಲ್ಲ. ಅವನ ಎದುರಿಗೆ ಗಡಿಯಾರದಂಥ ಒಂದು ಬಿಲ್ಲೆ, ಅದರ ಮೇಲೆ ಒಂದು ಮುಳ್ಳು. ಬೋನು ಎಷ್ಟು ಆಳದಲ್ಲಿದೆ ಎಂದು ಆ ಮುಳ್ಳು ತೋರಿಸಬೇಕು. ನಿಲ್ಲಿಸು, ಎತ್ತು, ಇಳಿಸು ಎಂದು ಕೆಳಗಿನವರು ಗಂಟೆ ಬಾರಿಸಬೇಕು. ಇಷ್ಟನ್ನೇ ನಂಬಿ ಅವನು ದಿನವೂ ನೂರಾರು ಜನರನ್ನು ಕತ್ತಲೆಗೆ ಇಳಿಸಿ ಮತ್ತೆ ಮೇಲಕ್ಕೆ ತರುತ್ತಿದ್ದ.

ಆದರೆ ಉಕ್ಕಿನ ಹಗ್ಗವೂ ಹಿಗ್ಗುತ್ತದೆ. ಹೊಸ ಹಗ್ಗ ಹಾಕಿದ ಮೊದಲ ವಾರಗಳಲ್ಲಂತೂ ದಿನದಿನವೂ ಹಿಗ್ಗುತ್ತದೆ. ಆಗ ಬೋನು ಒಂದು ಕಡೆ, ಮುಳ್ಳು ಇನ್ನೊಂದು ಕಡೆ. ಹಾಗಾದಾಗ ಇಂಜಿನ್ ಮನೆಯಲ್ಲಿ ಯಾರೂ ಹಗ್ಗವನ್ನು ಬಯ್ಯುತ್ತಿರಲಿಲ್ಲ, ಮುಳ್ಳನ್ನು ತಿದ್ದುತ್ತಿದ್ದರು. ಅಪ್ಪ ಸ್ಪ್ಯಾನರು ಹಿಡಿದು ಬಿಲ್ಲೆಯ ಹಿಂದೆ ಕೈ ಹಾಕುವುದನ್ನು ನಾನು ಬುತ್ತಿ ಕೊಡಲು ಹೋದಾಗಲೆಲ್ಲ ನೋಡುತ್ತಿದ್ದೆ. ವಾಲುವುದು ಮುಳ್ಳು, ತಿದ್ದಬೇಕಾದ್ದು ಮುಳ್ಳನ್ನು ಎಂಬುದು ನನಗೆ ಅಕ್ಷರ ಕಲಿಯುವ ಮೊದಲೇ ಗೊತ್ತಿತ್ತು. ನಮ್ಮ ಲೈನಿನ ಎಷ್ಟೋ ಹುಡುಗರಿಗೆ ಅದು ಹಾಗೇ ಗೊತ್ತಿತ್ತು.

ಮಂಚದ ಕೆಳಗೆ ಅಡಗಿದ ಹುಡುಗ ಮುಂದೆ ಗಣಿಯ ಕೆಲಸಕ್ಕೆ ಸೇರಲಿಲ್ಲ. ಓದಿ, ರೇಡಿಯೋ ರಿಪೇರಿಯ ತರಬೇತಿ ಪಡೆದು, ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ಪೂರ್ವ ಕರಾವಳಿಯ ಒಂದು ವಿಮಾನ ನಿಲ್ದಾಣಕ್ಕೆ ಟೆಕ್ನಿಷಿಯನ್ ಆಗಿ ಹೋದ. ಯಾವ ನಿಲ್ದಾಣ ಎಂದು ಬರೆಯುವುದಿಲ್ಲ, ನನ್ನ ಜೊತೆ ಇದ್ದವರು ಕೆಲವರು ಇನ್ನೂ ಇದ್ದಾರೆ. ಮೋಡ ಮುಚ್ಚಿ ರನ್‌ವೇ ಕಾಣದಿರುವಾಗ ವಿಮಾನವನ್ನು ರೇಡಿಯೋ ಅಲೆಗಳ ಮೇಲೆ ನೆಲಕ್ಕೆ ಕರೆತರುವ ಯಂತ್ರಗಳಿಗೆ ನಾನು ಕಾವಲುಗಾರ. ಭೂಮಿಯೊಳಗಿನ ಭಯದಿಂದ ತಪ್ಪಿಸಿಕೊಂಡು ಬಂದೆ ಎಂದು ಖುಷಿಯಾಗಿದ್ದೆ. ಎಂಥ ದಡ್ಡ.

ನಾನು ಹೇಳಬೇಕೆಂದಿರುವುದು ಒಂದು ನವೆಂಬರಿನ ಕಥೆ. ಅಕ್ಕನ ಮಗುವಿಗೆ ಬೂದಿಕೋಟೆಯ ಹತ್ತಿರದ ನಮ್ಮ ಹಳ್ಳಿಯಲ್ಲಿ ನಾಮಕರಣ. ಮೂರು ದಿನ ರಜ ಸಿಕ್ಕಿತ್ತು. ಹೊರಟ ದಿನ ಕರಾವಳಿಯಲ್ಲಿ ಮಳೆ, ಮೋಡ ತೆಂಗಿನ ಮರಗಳ ತಲೆಗೆ ತಾಗುವಷ್ಟು ಕೆಳಗಿಳಿದಿತ್ತು. ರೈಲಿನಲ್ಲಿ ಹಾಗೂ ಹೀಗೂ ಬಂಗಾರಪೇಟೆ ಸೇರಿ, ಅಲ್ಲಿಂದ ಗಣಿಯ ಕಡೆಗೆ ಹೋಗುವ ಸಣ್ಣ ರೈಲು ಹತ್ತಿ, ಬೆಳಿಗ್ಗೆ ಊರಿಗಾಂನಲ್ಲಿ ಇಳಿದೆ. ಅಪ್ಪನಿಗೆ ಅಂದು ಪಾಳಿ ಇರಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಎಲ್ಲರೂ ಹಳ್ಳಿಗೆ ಹೋಗುವುದೆಂದು ಮಾತಾಗಿತ್ತು.

ನಾಷ್ಟಾ ಆದ ಮೇಲೆ ಅಪ್ಪ ಬೀಡಿ ಹಚ್ಚಿಕೊಂಡು ಕೇಳಿದ, "ಕಾಣ್ದೇ ಎಂಗ್ಲಾ ವಿಮಾನ ಇಳಿಸ್ತಾನೆ ಅವ್ನು? ಅದೇನು ಅಂತ ಸರಿಯಾಗಿ ಏಳು."

ನನಗೆ ಅಷ್ಟು ಸಾಕಾಗಿತ್ತು. ಸೀಮೆಸುಣ್ಣ ತೆಗೆದುಕೊಂಡು ಅವ್ವ ಸಾರಿಸಿದ್ದ ನೆಲದ ಮೇಲೇ ರನ್‌ವೇ ಬರೆದೆ. ಅದರ ಆ ತುದಿಯಲ್ಲಿ ಒಂದು ಟ್ರಾನ್ಸ್‌ಮಿಟರು. ಲೋಕಲೈಸರ್ ಎನ್ನುತ್ತಾರೆ. ಅದು ಬರುತ್ತಿರುವ ವಿಮಾನದ ಕಡೆಗೆ ಎರಡು ದನಿಗಳನ್ನು ಕಳಿಸುತ್ತದೆ. ಒಂದು ಗಡಸು ದನಿ, ಸೆಕೆಂಡಿಗೆ ತೊಂಬತ್ತು ಸಲ ಅದುರುವಂಥದ್ದು. ಇನ್ನೊಂದು ತೆಳ್ಳನೆಯದು, ನೂರೈವತ್ತು ಸಲ ಅದುರುವಂಥದ್ದು. ದಾರಿಯ ಎಡಕ್ಕೆ ಸರಿದರೆ ಗಡಸು ದನಿ ಜಾಸ್ತಿ, ಬಲಕ್ಕೆ ಸರಿದರೆ ತೆಳು ದನಿ ಜಾಸ್ತಿ. ನಟ್ಟನಡುವೆ ಎರಡೂ ಸಮ. ಪೈಲಟ್ ಅದನ್ನು ಕಿವಿಯಲ್ಲಿ ಕೇಳಬೇಕಾಗಿಲ್ಲ. ಅವನ ಮುಂದಿರುವ ಮುಳ್ಳು ಎರಡನ್ನೂ ತೂಗಿ ನೋಡಿ, ನೀನು ಇಂಥ ಕಡೆಗೆ ಜಾರಿದ್ದೀಯ ಎಂದು ತೋರಿಸುತ್ತದೆ. ಇದೇ ರೀತಿ ಮೇಲೆ ಕೆಳಗೆ ಎರಡು ದನಿ ಕಳಿಸುವ ಇನ್ನೊಂದು ಯಂತ್ರ ಉಂಟು. ಅದರ ಅಡ್ಡ ಮುಳ್ಳು ಎತ್ತರವನ್ನು ಹೇಳುತ್ತದೆ. ಎರಡು ಮುಳ್ಳೂ ನಡುವಿನಲ್ಲಿ ಕೂಡಿದರೆ ವಿಮಾನ ಸರಿಯಾದ ಇಳಿಜಾರಿನಲ್ಲಿದೆ ಎಂದರ್ಥ. ನೆಲ ಇನ್ನೆಷ್ಟು ದೂರ ಎಂದು ತಿಳಿಸಲು ದಾರಿಯ ಕೆಳಗೆ ಸಣ್ಣ ಟ್ರಾನ್ಸ್‌ಮಿಟರುಗಳನ್ನು ನಿಲ್ಲಿಸಿರುತ್ತಾರೆ. ವಿಮಾನ ಅವುಗಳ ಮೇಲೆ ಹಾದಾಗ ಪೈಲಟನ ಕಿವಿಯಲ್ಲಿ ಪೀಂ ಪೀಂ ಎನ್ನುತ್ತದೆ.

"ನಮ್ ಗಂಟೆ ಇದ್ದಂಗೆ" ಎಂದ ಅಪ್ಪ. ಅವನಿಗೆ ಪೂರ್ತಿ ಅರ್ಥವಾಗಿತ್ತು. ನನ್ನ ಅಧಿಕಾರಿಗಳಿಗಿಂತ ಬೇಗ ಅರ್ಥವಾಗಿತ್ತು ಎಂದರೂ ತಪ್ಪಲ್ಲ. ಬೀಡಿ ಕೊಡವಿ ಮುಂದಿನ ಪ್ರಶ್ನೆ ಹಾಕಿದ, "ಸರಿ, ಆ ದನಿಗಳೇ ಒಂದು ಕಡೀಕೆ ವಾಲಿದ್ರೆ?"

ಅದಕ್ಕೂ ಉಪಾಯವಿದೆ ಎಂದೆ. ಆಂಟೆನಾದ ಮುಂದೆ ಒಂದು ಸಣ್ಣ ರಿಸೀವರನ್ನು ಕಾವಲಿಗೆ ಇಟ್ಟಿರುತ್ತಾರೆ. ಅದೇ ಮಾನಿಟರು. ದಾರಿ ವಾಲಿದರೆ ನಮ್ಮ ಯಂತ್ರದ ಗುಡಿಸಲಿನಲ್ಲಿರುವ ಅದರ ಮುಳ್ಳೂ ವಾಲುತ್ತದೆ. ಮಿತಿಯ ಗೆರೆ ದಾಟಿತೋ, ಗಂಟೆ ಹೊಡೆದು ಟ್ರಾನ್ಸ್‌ಮಿಟರನ್ನೇ ಆರಿಸಿಬಿಡುತ್ತದೆ. "ಅದೇ ಒಂದ್ವಾರದಿಂದ ವಾಲ್ತಾ ಇತ್ತು" ಎಂದು ಜಂಬದಿಂದ ಹೇಳಿದೆ. "ನಿನ್ನೆ ಗೆರೆ ಹತ್ರಕ್ಕೇ ಬಂದಿತ್ತು. ಸ್ಕ್ರೂಡ್ರೈವರ್ ತಗೊಂಡು ಅರ್ಧ ಸುತ್ತು ತಿರುಗ್ಸಿ ನಡುವಿಗೆ ತಂದಿಟ್ಟೆ. ಆಮೇಲೆ ರೈಲಿಗೆ ಬಂದೆ."

ಅಪ್ಪ ನೆಲದ ಮೇಲಿನ ಗೆರೆಗಳನ್ನು ನೋಡುತ್ತಿದ್ದ. ಆಮೇಲೆ ಮೆತ್ತಗೆ ಕೇಳಿದ.

"ಮುಳ್ಳು ತಿದ್ದಿದ ಮ್ಯಾಲೆ ಖಾಲಿ ಬೋನು ಬಿಟ್ಟು ನೋಡ್ದೇನ್ಲಾ?"

ಈ ಮಾತನ್ನು ಬಿಡಿಸಿ ಹೇಳಬೇಕು. ಇಂಜಿನ್ ಮನೆಯಲ್ಲಿ ಒಂದು ಪದ್ಧತಿ ಇತ್ತು. ಬಂಡೆ ಸಿಡಿದ ಮೇಲಾಗಲಿ, ಮುಳ್ಳು ತಿದ್ದಿದ ಮೇಲಾಗಲಿ, ಮೊದಲು ಒಂದು ಸಲ ಬೋನನ್ನು ಖಾಲಿ ಇಳಿಸಿ ಖಾಲಿಯಾಗಿಯೇ ಎತ್ತಬೇಕು. ಅದು ಸರಿಯಾದ ಜಾಗದಲ್ಲಿ ನಿಂತಿತು ಎಂದು ಕೆಳಗಿನಿಂದ ಗಂಟೆ ಬರಬೇಕು. ಅಲ್ಲಿಯವರೆಗೆ ದೊರೆ ಬಂದು ನಿಂತರೂ ಅಪ್ಪ ಒಬ್ಬ ಆಳನ್ನೂ ಹತ್ತಿಸುತ್ತಿರಲಿಲ್ಲ. ನಮ್ಮಲ್ಲೂ ಖಾಲಿ ಬೋನಿನಂಥದ್ದು ಇತ್ತು. ಮಾನಿಟರಿನ ಮುಳ್ಳು ವಾಲಿದರೆ ಅದನ್ನು ಮುಟ್ಟುವ ಮೊದಲು, ಹೊತ್ತುಕೊಂಡು ಹೋಗುವಂಥ ಇನ್ನೊಂದು ರಿಸೀವರನ್ನು ಹಿಡಿದು ಮೈದಾನಕ್ಕೆ ಹೋಗಬೇಕು. ಅಲ್ಲಿ ನೆಟ್ಟಿರುವ ಗೂಟಗಳ ಹತ್ತಿರ ನಿಂತು, ನಡುವಿನ ದಾರಿ ನಿಜಕ್ಕೂ ನಡುವಿನಲ್ಲೇ ಇದೆಯೇ ಎಂದು ನೋಡಬೇಕು. ವಾಲಿದ್ದು ಮುಳ್ಳೋ ದಾರಿಯೋ ಎಂದು ತಿಳಿಯಲು ಬೇರೆ ಉಪಾಯವಿಲ್ಲ.

ನಾನು ಮೈದಾನಕ್ಕೆ ಹೋಗಿರಲಿಲ್ಲ. ಮಳೆ ಬರುತ್ತಿತ್ತು, ರೈಲಿಗೆ ಹೊತ್ತಾಗಿತ್ತು. ಇವೆರಡೂ ನೆಪ. ನಿಜ ಹೇಳುವುದಾದರೆ, ವಾಲುವುದು ಮುಳ್ಳು ಎಂದು ನನ್ನ ಕೈ ಮೊದಲೇ ತೀರ್ಮಾನ ಮಾಡಿಬಿಟ್ಟಿತ್ತು. ನಾನು ಅದನ್ನು ಪ್ರಶ್ನಿಸಲೇ ಇಲ್ಲ.

ಮುಳ್ಳಿನ ಬದಲು ದಾರಿಯೇ ವಾಲಿದ್ದರೆ, ಅದನ್ನು ಹಿಡಿದು ಆರಿಸಬೇಕಾದ ಕಾವಲುಗಾರನ ಬಾಯಿಯನ್ನು ನಾನೇ ಹೊಲಿದು ಬಂದಿದ್ದೆ. ದಾರಿ ಇನ್ನಷ್ಟು ವಾಲಬಹುದು, ಗಂಟೆ ಹೊಡೆಯುವುದಿಲ್ಲ. ರನ್‌ವೇಯ ಬಲಕ್ಕೆ ವಿಮಾನ ನಿಲ್ಲಿಸುವ ಹ್ಯಾಂಗರು, ಅದರಾಚೆ ನೀರಿನ ಟ್ಯಾಂಕು. ಪ್ರಯಾಣಿಕರ ವಿಮಾನ ಬರುವುದು ಮಧ್ಯಾಹ್ನ ನಾಲ್ಕಕ್ಕೆ. ಮೋಡದೊಳಗೆ ಆ ಪೈಲಟ್ ತನ್ನ ಮುಳ್ಳನ್ನು ನಂಬಿಕೊಂಡು ಕೆಳಗಿಳಿಯುತ್ತಾನೆ. ಅವನ ಬೆನ್ನ ಹಿಂದೆ ಯಾರದೋ ಮಕ್ಕಳು, ಯಾರದೋ ಹೆಂಡತಿ. ನಾನು ಗಡಿಯಾರ ನೋಡಿದೆ, ಹನ್ನೊಂದಾಗಲು ಹತ್ತು ನಿಮಿಷ.

"ಇಲ್ಲಪ್ಪಾ, ನೋಡ್ಲಿಲ್ಲ" ಎಂದೆ.

ಅಪ್ಪ ಬಯ್ಯಲಿಲ್ಲ. ಬೀಡಿಯನ್ನು ನೆಲಕ್ಕೆ ಒತ್ತಿ ಆರಿಸಿ, "ಏಳು, ಓಗಾನ" ಎಂದ. ಅವ್ವ ಒಳಗಿನಿಂದ ಬಂದು ನಾಮಕರಣದ ಗತಿ ಏನು ಎಂದಳು. ಅಪ್ಪ ಅವಳಿಗೆ, "ನೀನು ಓಗಿರು, ನಮ್ಮನ್ನ ಕಾಯಬ್ಯಾಡ" ಎಂದಷ್ಟೇ ಹೇಳಿದ.

ಊರಿಗಾಂನ ಅಂಚೆ ಕಛೇರಿಯಿಂದ ಟ್ರಂಕ್ ಕಾಲ್ ಹಾಕಲು ನೋಡಿದೆವು. ಕರಾವಳಿಯ ಕಡೆ ಮಳೆಗೆ ಕಂಬ ಬಿದ್ದಿದೆ, ಫೋನು ಹೋಗುವುದಿಲ್ಲ, ಬಂಗಾರಪೇಟೆಯಿಂದ ತಂತಿ ಬೇಕಾದರೆ ಹೋಗುತ್ತಿದೆಯಂತೆ ಎಂದರು. ಬಂಗಾರಪೇಟೆಯ ಬಸ್ಸಿಗೆ ಕಾದೆವು. ಆ ಬಸ್ಸು ಸಿಕ್ಕಸಿಕ್ಕಲ್ಲಿ ನಿಂತು ಸೌತೆಕಾಯಿ ಮೂಟೆ, ಕೋಳಿಬುಟ್ಟಿಗಳನ್ನೆಲ್ಲ ಹತ್ತಿಸಿಕೊಂಡಿತು. ಡ್ರೈವರು ಯಾರ ಜೊತೆಗೋ ತೆಲುಗಿನಲ್ಲಿ ಹರಟೆಗೆ ನಿಂತ. ಅವನ ಕುತ್ತಿಗೆ ಹಿಸುಕಬೇಕೆನ್ನಿಸಿತು. ಅಪ್ಪ ನನ್ನ ಮಂಡಿಯ ಮೇಲೆ ಕೈಯಿಟ್ಟು ಒತ್ತಿ ಹಿಡಿದುಕೊಂಡ. ಬಂಗಾರಪೇಟೆ ಬರುವವರೆಗೂ ಆ ಕೈ ತೆಗೆಯಲಿಲ್ಲ.

ತಂತಿ ಕಛೇರಿಯ ಗುಮಾಸ್ತ ಕನ್ನಡಕದ ತೆಳ್ಳನೆಯ ಮನುಷ್ಯ. ನಮೂನೆಯ ಕಾಗದ ಕೊಟ್ಟ. ನಾನು ನನ್ನ ಮೇಲಧಿಕಾರಿಯ ಹುದ್ದೆ, ವಿಳಾಸ ಬರೆದು ಇಂಗ್ಲಿಷಿನಲ್ಲಿ ಒಂದು ಸಾಲು ಗೀಚಿದೆ. ಅಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ.

"ಏನ್ ಬರ್ದೆ?"

"ಲೋಕಲೈಸರಿನ ಮಾನಿಟರನ್ನ ದಯವಿಟ್ಟು ಇನ್ನೊಂದ್ಸಲ ನೋಡಿ, ಅಂತ."

"ನೀನು ಏನ್ ಮಾಡ್ದೆ ಅನ್ನೋದು ಎಲ್ಲೈತೆ?"

ಅದನ್ನು ಬೇಕೆಂದೇ ಬಿಟ್ಟಿದ್ದೆ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಪರೀಕ್ಷೆ ಮಾಡದೆ ಮಾನಿಟರು ಮುಟ್ಟಿದೆ ಎಂದು ನಾನೇ ಬರೆದುಕೊಟ್ಟರೆ ಮನೆಗೆ ಕಳಿಸುತ್ತಾರೆ ಎಂಬುದು ಗೊತ್ತಿತ್ತು. ವಿಮಾನದ ಭಯ ಒಂದು ಕಡೆಗಿದ್ದರೆ ಕೆಲಸದ ಭಯ ಇನ್ನೊಂದು ಕಡೆ, ಅಂಥ ಹೊತ್ತಿನಲ್ಲೂ. ಇದನ್ನು ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ.

ಅಪ್ಪ ದನಿ ತಗ್ಗಿಸಿ ಹೇಳಿದ, "ನೋಡಿ ಅಂದ್ರೆ ಅವ್ರು ಏನ್ ನೋಡ್ತಾರೆ? ಮುಳ್ಳು ನೋಡ್ತಾರೆ. ಅದು ನಡುವ್ನಾಗೇ ಇರ್ತದೆ, ನೀನೇ ಅಂಗೆ ಇಟ್ಟು ಬಂದಿದ್ದೀಯ. ಎಲ್ಲಾ ಸರಿಗೈತೆ ಅಂತ ಟೀ ಕುಡಿಯಾಕ್ ಓಯ್ತಾರೆ."

ಅವನು ಹೇಳಿದ್ದು ಅಕ್ಷರಶಃ ನಿಜ. ತಪ್ಪನ್ನು ಮುಚ್ಚಿಟ್ಟು ಎಚ್ಚರಿಸುವ ದಾರಿಯೇ ಇರಲಿಲ್ಲ. ಎರಡನೆಯ ಕಾಗದ ಕೇಳಿದೆ. ಮಾನಿಟರ್ ಮುಳ್ಳು ವಾಲಿತ್ತು, ನೆಲದ ಪರೀಕ್ಷೆ ಮಾಡದೆ ನಾನು ತಿದ್ದಿದ್ದೇನೆ, ಮಾನಿಟರನ್ನು ನಂಬಬೇಡಿ, ಲೋಕಲೈಸರನ್ನು ಕೂಡಲೇ ಆರಿಸಿ. ಕೆಳಗೆ ನನ್ನ ಹೆಸರು. ಗುಮಾಸ್ತ ಓದಿ, ಕನ್ನಡಕದ ಮೇಲಿನಿಂದ ನನ್ನನ್ನೊಮ್ಮೆ ನೋಡಿದ.

"ಪ್ಲೇನ್ ವಿಷಯವಾ ಸಾರ್ ಇದು?"

ಹೌದೆಂದೆ. ಅವನು ಮತ್ತೇನೂ ಕೇಳದೆ, ಕೈಯಲ್ಲಿದ್ದ ಬೇರೆ ತಂತಿಗಳನ್ನು ಬದಿಗಿಟ್ಟು ನನ್ನದನ್ನು ಮೊದಲು ಕುಟ್ಟತೊಡಗಿದ. ಆ ಟಕಟಕ ಸದ್ದು ಮುಗಿದಾಗ ಒಂದೂವರೆ. ಆಚೆ ಕಡೆ ತಲುಪಿದೆ ಎಂದ. ಆದರೆ ಅಲ್ಲಿ ಇಳಿದ ತಂತಿ ಇನ್ನು ಸೈಕಲ್ ಹತ್ತಿ, ಮಳೆಯಲ್ಲಿ ಊರ ಹೊರಗಿನ ವಿಮಾನ ನಿಲ್ದಾಣಕ್ಕೆ ಹೋಗಬೇಕು. ತಂತಿ ಒಯ್ಯುವ ಪೇದೆ ಊಟಕ್ಕೆ ಹೋಗಿದ್ದರೆ? ಮಳೆ ನಿಲ್ಲಲಿ ಎಂದು ಮರದ ಕೆಳಗೆ ನಿಂತುಬಿಟ್ಟರೆ? ಕಾಣದ ಆ ಮನುಷ್ಯನಿಗೆ ಮನಸ್ಸಿನಲ್ಲೇ ಕೈಮುಗಿದೆ.

ಕಛೇರಿಯ ಮೆಟ್ಟಿಲ ಮೇಲೆ ಕೂತೆವು. ಎರಡಾಯಿತು, ಮೂರಾಯಿತು. ಉತ್ತರ ಬರಲಿಲ್ಲ. ಅಪ್ಪ ಬನ್ನು ತಂದುಕೊಟ್ಟ, ನಾನು ಅದನ್ನು ಜೇಬಿಗೆ ಹಾಕಿಕೊಂಡೆ. ಮೂರೂವರೆಯ ನಂತರ ನಾನು ಗಡಿಯಾರ ನೋಡುವುದನ್ನು ಬಿಟ್ಟು ಕಣ್ಣುಮುಚ್ಚಿ ಕೂತೆ. ಮುಚ್ಚಿದ ಕಣ್ಣೊಳಗೆ ಆ ಹ್ಯಾಂಗರು ಮತ್ತು ಟ್ಯಾಂಕು ಇನ್ನೂ ಚೆನ್ನಾಗಿ ಕಾಣುತ್ತಿದ್ದವು. ನಾಲ್ಕು ಹೊಡೆಯಿತು. ಎಲ್ಲೋ ಏನೋ ಆಗಿದೆ, ಇಲ್ಲವೇ ಆಗಿಲ್ಲ. ಎರಡರಲ್ಲಿ ಯಾವುದೆಂದು ನನಗೆ ತಿಳಿಯುವಂತಿರಲಿಲ್ಲ. ಮಂಚದ ಕೆಳಗಿನ ಭಯ ಇದರ ಮುಂದೆ ಆಟ. ಅಲ್ಲಿ ಬಂಡೆ ತಾನಾಗಿ ಸಿಡಿಯುತ್ತಿತ್ತು, ಇಲ್ಲಿ ಸಿಡಿಮದ್ದು ಇಟ್ಟವನು ನಾನು.

ಅಪ್ಪನನ್ನು ಕೇಳಿದೆ, "ನಿನಗೆ ದಿನಾ ಹಿಂಗೇ ಆಗ್ತಿತ್ತಾ?"

"ದಿನಾ" ಎಂದ ಅಪ್ಪ. "ಬೋನಿನಾಗೆ ಜನ ಇದ್ದಾಗೆಲ್ಲ."

ಅಷ್ಟು ವರ್ಷ ಅವನನ್ನು ಧೈರ್ಯವಂತ ಎಂದುಕೊಂಡಿದ್ದೆ. ಸಂಜೆಯ ರೈಲು ಹತ್ತಿ ವಾಪಸು ಹೊರಟೆ. ನಾಮಕರಣಕ್ಕೆ ಹೋಗಲಿಲ್ಲ, ಅಕ್ಕ ವರ್ಷಗಟ್ಟಲೆ ಅದನ್ನು ಆಡಿಕೊಂಡಳು.

ಮರುದಿನ ಬೆಳಿಗ್ಗೆ ಸ್ಟೇಷನ್ನಿನಲ್ಲಿ ಪೇಪರು ಮಾರುವವನ ಕಡೆ ತಿರುಗಿಯೂ ನೋಡದೆ ನಡೆದೆ. ವಿಮಾನ ನಿಲ್ದಾಣದ ಬೇಲಿ ಕಂಡಾಗ ಮೊದಲು ಹ್ಯಾಂಗರನ್ನು ಹುಡುಕಿದೆ. ಹ್ಯಾಂಗರು ನಿಂತಿತ್ತು. ಟ್ಯಾಂಕೂ ನಿಂತಿತ್ತು. ರಸ್ತೆಯಲ್ಲೇ ಅಳು ಬಂತು, ಅತ್ತೆ.

ತಂತಿ ಮೂರು ಗಂಟೆಗೆ ತಲುಪಿತ್ತು. ಮೇಲಧಿಕಾರಿ ಲೋಕಲೈಸರನ್ನು ಆರಿಸಿದ್ದರು. ಬಂದ ವಿಮಾನ ಮೋಡದ ಮೇಲೆ ಮೂರು ಸುತ್ತು ಹಾಕಿ, ಇಳಿಯಲಾಗದೆ ಬೇರೆ ಊರಿಗೆ ಹೋಗಿ ಇಳಿದಿತ್ತು. ಪ್ರಯಾಣಿಕರು ಬಾಯಿಗೆ ಬಂದಂತೆ ಬೈದಿದ್ದರಂತೆ. ಅಧಿಕಾರಿ ನನ್ನನ್ನು ಕೂರಿಸಲೂ ಇಲ್ಲ. ರಿಸೀವರನ್ನು ನನ್ನ ಹೆಗಲಿಗೇ ಹೊರಿಸಿ ಮೈದಾನಕ್ಕೆ ಕರೆದುಕೊಂಡು ಹೋದರು. ಮಳೆಗೆ ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ನಡುವಿನ ಗೂಟದ ಹತ್ತಿರ ನಿಂತು ಸ್ವಿಚ್ ಹಾಕಿದೆ. ಮುಳ್ಳು ಅಲುಗಿ ನಟ್ಟನಡುವೆ ನಿಂತಿತು. ಎಡದ ಗೂಟ, ಬಲದ ಗೂಟ, ಎಲ್ಲ ಕಡೆ ಇರಬೇಕಾದ್ದೇ ಇತ್ತು. ದಾರಿ ಕೂದಲೆಳೆಯಷ್ಟೂ ಸರಿದಿರಲಿಲ್ಲ. ಮಾನಿಟರಿನ ಒಂದು ವಾಲ್ವು, ಅಂದರೆ ಗಾಜಿನ ಕೊಳವೆ, ಹಳೆಯದಾಗಿ ಅದರ ಮುಳ್ಳು ಮಾತ್ರ ವಾಲಿತ್ತು. ನಾನು ಕೊಟ್ಟ ಅರ್ಧ ಸುತ್ತು ಸರಿಯಾಗಿಯೇ ಇತ್ತು.

ಅಧಿಕಾರಿ ನಕ್ಕುಬಿಟ್ಟರು. ಎಚ್ಚರಿಕೆಯ ಒಂದು ಕಾಗದ ಕೊಟ್ಟು ಕೆಲಸ ಉಳಿಸಿದರು. ಜೊತೆಯವರು ತಿಂಗಳುಗಟ್ಟಲೆ ನನಗೆ ತಂತಿರಾಯ ಎಂದು ಹೆಸರಿಟ್ಟು ಕಾಡಿದರು. ಕಾಡಲಿ ಬಿಡಿ, ನನಗೆ ಅಂಥ ಸಂತೋಷ ಹಿಂದೆಂದೂ ಆಗಿರಲಿಲ್ಲ.

ಸಂಕ್ರಾಂತಿಗೆ ಊರಿಗೆ ಹೋದೆ. ಸೇಫಾಗಿ ಇಳೀತು ಎಂದು ಕಾರ್ಡು ಬರೆದಿದ್ದೆನೇ ಹೊರತು ಪೂರ್ತಿ ಕಥೆ ಬರೆದಿರಲಿಲ್ಲ. ಅಪ್ಪ ಅವ್ವ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ನಾನೂ ಕೂತು, ಗೂಟದ ಹತ್ತಿರ ಮುಳ್ಳು ನಡುವಿನಲ್ಲಿ ನಿಂತ ಕಥೆಯನ್ನು ಕೈಯಾಡಿಸಿ ಹೇಳಿದೆ. ಅವ್ವ ದೇವರು ದೊಡ್ಡವನು ಎಂದಳು. ಅಪ್ಪನ ಕೈಯಲ್ಲಿದ್ದ ಕಾಯಿ ಹಾಗೇ ಇತ್ತು.

"ದಾರಿ ವಾಲಿದ್ದಿದ್ರೇ ಚೆನ್ನಾಗಿತ್ತು ಕಣ್ಲಾ" ಎಂದ.

ನಾನು ಏನಪ್ಪಾ ಹೀಗಂತೀಯ ಎಂದೆ.

"ವಾಲಿದ್ರೆ ನಿನ್ ಕೈ ಎದರ್ಕೊಂಡಿರೋದು. ಎಂಗೂ ವಿಮಾನ ಅಲ್ಲಿ ಇಳೀಲಿಲ್ಲ, ಯಾರ್ಗೂ ಏನೂ ಆಗ್ತಿರ್ಲಿಲ್ಲ. ಈಗ ನಿನ್ ಕೈಗೆ ಗೊತ್ತಾಗ್ಬುಟ್ಟೈತೆ, ನೋಡ್ದೇ ಇದ್ರೂ ನಡೀತದೆ ಅಂತ. ಅದು ಮರೆಯಾಕಿಲ್ಲ."

ಬಂಗಾರಪೇಟೆಯ ಮೆಟ್ಟಿಲ ಮೇಲೆ ಆದದ್ದಕ್ಕಿಂತ ದೊಡ್ಡ ಭಯ ಆಗ ಆಯಿತು. ಯಾಕೆಂದರೆ ಈ ಸಲವೂ ಊರಿಗೆ ಹೊರಡುವ ದಿನ ಮುಂಜಾನೆ ಮಾನಿಟರನ್ನು ಮತ್ತೆ ತಿದ್ದಿದ್ದೆ. ಮೈದಾನಕ್ಕೆ ಹೋಗಿದ್ದೆ ನಿಜ. ಆದರೆ ಇಬ್ಬನಿಗೆ ಷರಾಯಿ ತೊಯ್ಯುತ್ತದೆಂದು ನಡುವಿನ ಗೂಟ ಒಂದನ್ನೇ ನೋಡಿ, ಉಳಿದವು ಸರಿ ಇದ್ದೇ ಇರುತ್ತವೆ ಎಂದು ವಾಪಸು ಬಂದಿದ್ದೆ.

ಅಪ್ಪನಿಗೆ ಅದನ್ನು ಹೇಳಿದೆ. ಅವನು ಮಡಿಲಿನ ಸಿಪ್ಪೆ ಕೊಡವಿಕೊಂಡು ಎದ್ದ, "ಏಳು, ತಂತಿ ಕೊಡಾನ" ಎಂದು ಅಂಗಿ ಹಾಕಿಕೊಳ್ಳಲು ಒಳಗೆ ಹೋದ.